ಅಕ್ಕ ಕೂತ ಗುರುತು

ಮೈಮೇಲೆ ಬರುವುದು, ಕನಸಿನಲ್ಲಿ ಸೂಚನೆ ಸಿಗುವುದು, ಇವೆಲ್ಲ ಕೆಲಸವಿಲ್ಲದವರ ಮಾತು ಎಂದೇ ನಾನು ತಿಳಿದಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮಪ್ಪ ಸದಾ ಹೇಳುತ್ತಿದ್ದ ಗಾದೆ. ನನ್ನದೂ ಅದೇ ಸ್ವಭಾವ. ಆದರೂ ಇದೊಂದನ್ನು ಏನು ಮಾಡಬೇಕೋ ತಿಳಿಯದೆ ನಿಮ್ಮ ಮುಂದಿಡುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವ ಸಣ್ಣ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ವಾಷಿಂಗ್ಟನ್ನಿನ ಪ್ರದರ್ಶನವೊಂದಕ್ಕೆ ಆಸ್ಟ್ರೇಲಿಯಾದ ಮರುಭೂಮಿಯಿಂದ ಒಬ್ಬ ಮೂಲನಿವಾಸಿ ಚಿತ್ರಗಾರ್ತಿ ಬಂದಿದ್ದರು. ವಯಸ್ಸಾದವರು. ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಜೊತೆಗೆ ಸೋದರ ಸೊಸೆ ಇದ್ದಳು. ಸುತ್ತಿ ತಂದಿದ್ದ ದೊಡ್ಡ ಕ್ಯಾನ್ವಾಸನ್ನು ಅಂಗಡಿಯ ಸಿಮೆಂಟ್ ನೆಲದ ಮೇಲೆ ಹಾಸಿದೆವು. ತುಂಬ ಚುಕ್ಕಿಗಳು, ನಡುವೆ ವೃತ್ತದೊಳಗೆ ವೃತ್ತ. ಅದು ಅವರ ಹಿರೀಕರ ನೆಲದ ನೀರಿನ ಹೊಂಡವಂತೆ. ಪಕ್ಕದಲ್ಲಿ ಲಾಳದ ಆಕಾರದ ಎರಡು ಗುರುತು. ಹೆಂಗಸು ಮರಳಿನಲ್ಲಿ ಕೂತೆದ್ದರೆ ಉಳಿಯುವ ಅಚ್ಚು ಅದು. ಒಂದು ತಾನು, ಇನ್ನೊಂದು ತನ್ನ ಅಕ್ಕ ಎಂದರು.

ಅಳತೆ ತೆಗೆಯುವಾಗ ನಾನು ಕ್ಯಾನ್ವಾಸನ್ನು ದಾಟದೆ ಬಳಸಿಕೊಂಡು ಓಡಾಡುತ್ತಿದ್ದೆ. ರಂಗೋಲಿ ತುಳಿಯಬಾರದು ಎಂದು ಕೇಳಿಕೊಂಡೇ ಬೆಳೆದ ಕಾಲು. ನಂಬಿಕೆ ಹೋದರೂ ಅಭ್ಯಾಸ ಹೋಗುತ್ತದೆಯೇ? ಚಿತ್ರಗಾರ್ತಿ ಅಜ್ಜಿ ಅದನ್ನು ಗಮನಿಸಿ, ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅಕ್ಕನಿಗೆ ವಾಸಿಯಾಗದ ಕಾಯಿಲೆ ಎಂದು ಆಗ ತಿಳಿಯಿತು. ಪಟ್ಟಣದ ಆಸ್ಪತ್ರೆಯಿಂದ ಆಕೆಯನ್ನು ಆ ಹೊಂಡದ ಬಳಿಗೆ ಕರೆದೊಯ್ಯಲು ಮನೆಯವರು ಹೊರಟಿದ್ದರು. ಸ್ವಂತ ನೆಲ ಮುಟ್ಟದೆ ಪ್ರಾಣ ಬಿಟ್ಟರೆ ಅಕ್ಕ ದಾರಿ ತಪ್ಪುತ್ತಾಳೆ ಎಂಬುದೇ ಅಜ್ಜಿಯ ಸಂಕಟ. ವಿಚಾರಿಸೋಣವೆಂದರೆ ಅಲ್ಲಿ ಫೋನಿಲ್ಲ.

ಇಳಿಮಧ್ಯಾಹ್ನ ಮೆಲ್ಲಗೆ ಹಾಡುತ್ತ ಚಿತ್ರದ ಮೇಲೆ ಅಂಗೈ ಆಡಿಸುತ್ತಿದ್ದವರು ತಟ್ಟನೆ ನಿಲ್ಲಿಸಿದರು. ನನ್ನ ಕೈ ಹಿಡಿದು ಅಕ್ಕನ ಗುರುತಿನ ಮೇಲಿಟ್ಟರು. ಬೆಚ್ಚಗಿತ್ತು. ಬಹಳ ಹೊತ್ತು ಕೂತವರು ಈಗತಾನೆ ಎದ್ದ ಚಾಪೆಯ ಹಾಗೆ. ಹೊರಗೆ ಹಿಮ ಬೀಳುತ್ತಿತ್ತು. ಪ್ರಮಾಣಿಸಿಯೂ ನೋಡಿದೆ. ಪಕ್ಕದ ಗುರುತು ತಣ್ಣಗಿತ್ತು, ಹೊಂಡವೂ ತಣ್ಣಗಿತ್ತು. ಕ್ಯಾನ್ವಾಸ್ ಎತ್ತಿ ಮುಟ್ಟಿದರೆ ಅಡಿಯ ಸಿಮೆಂಟ್ ಕೊರೆಯುತ್ತಿತ್ತು.

"ಬಂದು ಕೂತಳು" ಎಂದಷ್ಟೇ ಹೇಳಿ ಅಜ್ಜಿ ಅತ್ತರು. ನನಗೆ ಭಯವಾಗಲಿಲ್ಲ, ಅಳು ಬಂತು.

ಮರುದಿನ ಸೋದರ ಸೊಸೆ ಸುದ್ದಿ ತಂದಳು. ಮನೆಯವರು ಪಟ್ಟಣಕ್ಕೆ ಬಂದು ಫೋನ್ ಮಾಡಿದ್ದರಂತೆ. ಹಿಂದಿನ ದಿನವೆಲ್ಲ ಅಜ್ಜಿಯ ಅಕ್ಕನನ್ನು ಹೆಸರು ಹಿಡಿದು ಹೇಳುತ್ತಿದ್ದವಳು ಅಂದು ಬರೀ "ಅವರು" ಎಂದಳು. ತೀರಿಕೊಂಡವರ ಹೆಸರನ್ನು ಅವರಲ್ಲಿ ಆಡುವುದಿಲ್ಲವಂತೆ. ಅಲ್ಲಿ ಬೆಳಗಾಗುವ ಹೊತ್ತಿಗೆ ಹೊಂಡದ ಪಕ್ಕ ಕೂರಿಸಿದರಂತೆ, ಕೂತಲ್ಲೇ ಪ್ರಾಣ ಹೋಯಿತಂತೆ. ಅಲ್ಲಿಯ ಬೆಳಗು ನಮ್ಮ ಇಳಿಮಧ್ಯಾಹ್ನ.

"ಕೆಳಗೆ ಹೀಟಿಂಗ್ ಪೈಪ್ ಹೋಗಿರತ್ತೆ ಕಣೇ, ಸುಮ್ನೆ ತಲೆ ಕೆಡಿಸ್ಕೋಬೇಡ" ಎಂದರು ನನ್ನವರು. ಇರಬಹುದೆಂದು ನೆಲವನ್ನೆಲ್ಲ ತಡಕಿದೆ. ಎಲ್ಲೂ ಬಿಸಿ ಸಿಗಲಿಲ್ಲ.

ಪ್ರದರ್ಶನಕ್ಕೂ ಹೋದೆ. ಚಿತ್ರ ಗೋಡೆಯ ಮೇಲಿತ್ತು, ಕಾವಲಿನವನು ಅತ್ತ ತಿರುಗಿದ್ದ. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಅಪ್ಪನ ಗಾದೆಯನ್ನು ಮೀರಿದ್ದು ಅದೊಂದೇ ಸಲ. ಆ ಜಾಗ ತಣ್ಣಗಾಗಿದ್ದರೆ ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ.