ಡೊನೇಷನ್ ಸೀಟಿನವರ ಮಾರ್ಕ್ಸ್ ಕಾರ್ಡು

ನನಗೆ ಹೊಟ್ಟೆಕಿಚ್ಚಿತ್ತು. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವುದು ಸುಲಭ.

ಕುವೈತಿನ ಮಂಗಫ್‌ನಲ್ಲಿ ನಾವಿದ್ದ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ನಮ್ಮ ಊರ ಕಡೆಯ ಇನ್ನೊಂದು ಸಂಸಾರವಿತ್ತು. ಆ ಮನೆಯಾಕೆ ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಿದ್ದಳು. ಅವಳ ಗಂಡ, ನನ್ನ ಯಜಮಾನರು ಇಬ್ಬರೂ ಒಂದೇ ಕಂಪೆನಿ, ಒಂದೇ ಕೆಲಸ. ರಿಫೈನರಿಯ ಪಂಪುಗಳನ್ನು ಬಿಚ್ಚಿ ಸರಿಮಾಡುವುದು. ಬೆಳಿಗ್ಗೆ ಒಂದೇ ಬಸ್ಸಿಗೆ ಹತ್ತುತ್ತಿದ್ದರು. ಇದು ತೊಂಬತ್ತನೆಯ ಇಸವಿಯ ಮೊದಲ ತಿಂಗಳುಗಳ ಮಾತು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ಎಲ್ಲವನ್ನೂ ಬಿಟ್ಟು ಜೀವ ಹಿಡಿದುಕೊಂಡು ಊರಿಗೆ ಬಂದದ್ದು ಬೇರೆಯೇ ಕತೆ.

ಕೆಲಸ ಒಂದೇ ಆದರೂ ಬದುಕು ಒಂದೇ ಇರಲಿಲ್ಲ. ಅವಳ ಮಾವನಿಗೆ ಬೊಂಬಾಯಿಯಲ್ಲಿ ಹೋಟೆಲುಗಳಿದ್ದವು. ಹಾಗಾಗಿ ಅವಳಿಗೆ ಇಡೀ ಫ್ಲ್ಯಾಟು. ನಮಗೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂದು ಕೋಣೆ, ಇನ್ನೊಂದರಲ್ಲಿ ಕೇರಳದವರು. ಬೆಳಿಗ್ಗೆ ಆರರವರೆಗೆ ಒಲೆ ನನ್ನದು, ಆಮೇಲೆ ಅವರದ್ದು. ನನ್ನ ದೇವರು ಬಟ್ಟೆಯ ಕಪಾಟಿನ ನಡುವಿನ ಹಲಗೆಯಲ್ಲಿದ್ದರು. ದೀಪ ಹಚ್ಚಿದರೆ ಕಪಾಟಿನ ಬಾಗಿಲು ಹಿಡಿದುಕೊಂಡೇ ನಿಂತು, ಎರಡು ಶ್ಲೋಕ ಹೇಳಿ, ಸೀರೆಗೆ ತಾಗುವ ಮೊದಲು ಶಾಂತ ಮಾಡಬೇಕಿತ್ತು. ಮೇಲೆ ಅವಳ ಮನೆಯಲ್ಲಿ ದೇವರಿಗೆಂದೇ ಒಂದು ಮೂಲೆ, ಅಮೃತಶಿಲೆಯ ಮಣೆ, ಊರಿನಿಂದ ಬಂದವರ ಕೈಯಲ್ಲಿ ಬರುವ ಮಲ್ಲಿಗೆ. ಆ ಮಲ್ಲಿಗೆಯಲ್ಲಿ ಒಂದು ಮೊಳ ಅವಳು ತಪ್ಪದೆ ನನಗೆ ಕಳಿಸುತ್ತಿದ್ದಳು. ಕೊಟ್ಟದ್ದಕ್ಕೂ ನನಗೆ ಉರಿಯುತ್ತಿತ್ತು.

ದೇವರು ನನಗೆ ಕೊಟ್ಟದ್ದನ್ನೂ ಎಣಿಸುತ್ತಿದ್ದೆ. ಮಕ್ಕಳಿಬ್ಬರಿಗೂ ಆರೋಗ್ಯ, ಕೇರಳದ ಹೆಂಗಸು ಒಳ್ಳೆಯವಳು, ನೀರು ನಿಲ್ಲುತ್ತಿರಲಿಲ್ಲ. ಎಲ್ಲಕ್ಕಿಂತ ಮೇಲೆ, ನಮ್ಮ ಯಜಮಾನರದ್ದು ಮೆರಿಟ್ ಸೀಟು. ಸರಕಾರಿ ಎಂಜಿನಿಯರಿಂಗ್ ಕಾಲೇಜು. ಮೇಲಿನವರದ್ದು ಡೊನೇಷನ್ ಸೀಟು, ದುಡ್ಡು ಕಟ್ಟಿಸಿಕೊಂಡು ಸೇರಿಸುವ ಖಾಸಗಿ ಕಾಲೇಜು. ಅವಳ ಹೊಸ ಬಳೆ ಕಂಡ ದಿನ ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ, ಬಳೆ ಇರಲಿ, ಗಂಡನ ಡಿಗ್ರಿಯೂ ಅಂಗಡಿಯದ್ದೇ ತಾನೆ.

ಆದರೆ ಕುವೈತಿನಲ್ಲಿ ಇದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಡಿಗ್ರಿ ಸರ್ಟಿಫಿಕೇಟಿನ ಮೇಲೆ ಇರುವುದು ಯೂನಿವರ್ಸಿಟಿಯ ಹೆಸರು, ಕಾಲೇಜಿನದ್ದಲ್ಲ. ಇಬ್ಬರದ್ದೂ ಒಂದೇ ಕಾಗದ, ಹಿಂದೆ ಒಂದೇ ಎಂಬೆಸಿಯ ಮೊಹರು. ಕೆಲಸ ಕೊಡುವವರು ಮೊಹರು ನೋಡಿ ಫೈಲಿಗೆ ಹಾಕಿದರೆ ಖಲಾಸ್.

ಆ ವರ್ಷ ಶಿಫ್ಟ್ ಇಂಚಾರ್ಜಿನ ಒಂದು ಜಾಗ ಖಾಲಿಯಾಯಿತು. ಆ ಹುದ್ದೆಯವರಿಗೆ ಕಂಪೆನಿಯೇ ಫ್ಲ್ಯಾಟು ಕೊಡುತ್ತಿತ್ತು. ಪೂರ್ತಿ ಫ್ಲ್ಯಾಟು. ಆ ಜಾಗಕ್ಕೆ ಇದ್ದವರು ಇವರಿಬ್ಬರೇ. ನಾನು ಊರಿನ ಅಮ್ಮನವರಿಗೆ ಹೂವಿನ ಪೂಜೆ ಹೇಳಿಕೊಂಡೆ. ಮೂರು ದಿನ ಕಳೆದ ಮೇಲೆ ಮೇಲಿನವಳೂ ಅದೇ ಅಮ್ಮನವರಿಗೆ ಅದೇ ಪೂಜೆ ಹೇಳಿಕೊಂಡಿದ್ದಾಳೆಂದು ತಿಳಿಯಿತು. ಅಮ್ಮನವರು ಯಾರ ಮಾತು ಕೇಳಿಯಾರು? ಪೂಜೆ ಮಾಡಿಸಲು ಅವಳ ಕಡೆಯವರು ಕಾರಿನಲ್ಲಿ ಹೋಗುವವರು ಎಂದು ನನಗೆ ಅದರ ಮೇಲೂ ಸಂಕಟ.

ನಮ್ಮಲ್ಲಿ ಶುಕ್ರವಾರಕ್ಕೊಂದು ಮನೆಯಂತೆ ಭಜನೆ. ಕಿಟಕಿ ಮುಚ್ಚಿ, ತಾಳದ ಸದ್ದು ಹೊರಗೆ ಹೋಗದ ಹಾಗೆ. ಆ ವಾರ ಪಕ್ಕದ ಕಟ್ಟಡದ ಮನೆಯೊಂದರಲ್ಲಿ. ಮೇಲಿನವಳಲ್ಲದೆ, ಕೆಲಸಗಾರರ ಫೈಲು ನೋಡಿಕೊಳ್ಳುವ ಕಂಪೆನಿಯ ಪರ್ಸೊನೆಲ್ ಆಫೀಸರರ ಹೆಂಡತಿಯೂ ಬಂದಿದ್ದರು, ಮೈಸೂರು ಕಡೆಯವರು. ಮಂಗಳಾರತಿಯಾಗಿ ಅಡುಗೆಮನೆಯಲ್ಲಿ ನಾನು ಅವಲಕ್ಕಿ ಬೆರೆಸುತ್ತಿದ್ದೆ, ಅವರು ಕಾಯಿ ತುರಿಯುತ್ತಿದ್ದರು.

"ನಿಮ್ಮಿಬ್ಬರ ಯಜಮಾನ್ರಲ್ಲಿ ಯಾರಿಗೆ ಬರುತ್ತೋ ನೋಡ್ಬೇಕು. ಇಬ್ರೂ ಒಂದೇ ಓದು ತಾನೇ?" ಅಂದರು ಅವರು.

"ಓದು ಒಂದೇ ಅಮ್ಮ," ಅಂದೆ. "ಇವರದ್ದು ಮೆರಿಟ್. ಮೇಲಿನವರದ್ದು ಡೊನೇಷನ್."

"ಹೌದೇನ್ರೀ? ಗೊತ್ತೇ ಇರ್ಲಿಲ್ಲ."

"ಹೇಳಬಾರದು. ಪಾಪ, ಒಳ್ಳೆಯ ಜನ," ಅಂದು ಅವಲಕ್ಕಿಗೆ ಉಪ್ಪು ಹಾಕಿದೆ. ಆಗಲೇ ಒಮ್ಮೆ ಹಾಕಿದ್ದೆ ಎಂದು ತಿಂದವರು ಹೇಳಿದ ಮೇಲೆ ತಿಳಿಯಿತು.

ಮುಂದಿನ ವಾರ ಇವರು ಕೆಲಸದಿಂದ ಬಂದವರು ಮಂಚದ ಅಡಿಯ ಟ್ರಂಕು ಎಳೆದರು. ಮುದೀರ್, ಅಂದರೆ ಅಲ್ಲಿಯ ಮ್ಯಾನೇಜರು, ಈಜಿಪ್ಟಿನವರು, ನಾಲ್ಕು ವರ್ಷದ ಮಾರ್ಕ್ಸ್ ಕಾರ್ಡುಗಳನ್ನು ತರಲು ಹೇಳಿದ್ದರಂತೆ. ಹಿಂದೆಂದೂ ಕೇಳಿದ್ದಿಲ್ಲ. ನನಗೆ ಒಳಗೊಳಗೇ ಹಿಗ್ಗು. ಮಾರ್ಕ್ಸ್ ಕಾರ್ಡಿನಲ್ಲಿ ಕಾಲೇಜಿನ ಹೆಸರಿರುತ್ತದೆ.

"ಇಲ್ಲಿ ಕೊಡಿ, ನಾನು ಜೋಡಿಸಿ ಕೊಡ್ತೇನೆ," ಅಂದೆ.

"ಬೇಡ," ಅಂದರು. ನಾನು ಅಷ್ಟರಲ್ಲಿ ತೆಗೆದುಕೊಂಡಾಗಿತ್ತು. ಮೂರನೆಯ ವರ್ಷಕ್ಕೆ ಎರಡು ಕಾರ್ಡುಗಳಿದ್ದವು.

"ಇದೆಂತ, ಎರಡು?"

ಇವರು ಚಪ್ಪಲಿ ಬಿಚ್ಚಿದವರು ಮತ್ತೆ ಹಾಕಿಕೊಂಡರು. "ಒಂದು ಸಬ್ಜೆಕ್ಟ್ ಹೋಗಿತ್ತು. ಅಪ್ಪಯ್ಯ ಆಸ್ಪತ್ರೆಯಲ್ಲಿದ್ದ ವರ್ಷ. ಆಮೇಲೆ ಕಟ್ಟಿ ಪಾಸು ಮಾಡಿದೆ."

"ಮದುವೆಗೆ ಮೊದಲು ನಮ್ಮ ಮನೆಯಲ್ಲಿ ಹೇಳಲಿಲ್ಲ ನೀವು."

"ನಿಮ್ಮ ಮನೆಯವರು ಕೇಳಲಿಲ್ಲ," ಅಂದು ಕೆಳಗೆ ಹೋದರು.

ಹನ್ನೊಂದು ವರ್ಷ ಆ ಮೆರಿಟ್ ಸೀಟನ್ನು ನಾನು ಕತ್ತಿನಲ್ಲಿ ಸರದ ಹಾಗೆ ಹಾಕಿಕೊಂಡು ಓಡಾಡಿದ್ದೆ. ನನಗೆ ಕೋಪ ಬರಲಿಲ್ಲ, ಹೆದರಿಕೆ ಬಂತು. ಮೇಲಿನವರ ಟ್ರಂಕಿನಲ್ಲಿ ಇನ್ನೂ ನಾಲ್ಕೈದು ಫೇಲಿನ ಕಾರ್ಡುಗಳಿರಲಿ ದೇವರೇ ಎಂದು ಕಪಾಟಿನ ಬಾಗಿಲು ಹಿಡಿದು ಬೇಡಿದೆ. ಅಂಥ ಬೇಡಿಕೆಯನ್ನು ದೇವರ ಮುಂದೆ ನಾನು ಅದಕ್ಕೆ ಮೊದಲು ಇಟ್ಟಿರಲಿಲ್ಲ.

ಇರಲಿಲ್ಲ. ಮೇಲಿನವರದ್ದು ನಾಲ್ಕು ವರ್ಷಕ್ಕೆ ನಾಲ್ಕೇ ಕಾರ್ಡು, ಎಲ್ಲವೂ ಮೊದಲ ಸಲಕ್ಕೇ ಪಾಸು. ಜಾಗ ಅವರಿಗಾಯಿತು.

ಇವರು ಬಂದು ಚಹಾ ಕುಡಿಯುತ್ತ ಎಲ್ಲವನ್ನೂ ಹೇಳಿದರು. "ಮೊದಲು ನನ್ನ ಹೆಸರೇ ಬರೆದಿದ್ದರಂತೆ ಮುದೀರ್. ನನ್ನ ಕೈಗೆ ಬಂದ ಪಂಪು ವರ್ಷದೊಳಗೆ ವಾಪಸು ಬಂದದ್ದಿಲ್ಲ ಅಂತ. ಅಷ್ಟರಲ್ಲಿ ನಮ್ಮ ಪರ್ಸೊನೆಲ್ ಆಫೀಸರ್ ಹೋಗಿ, ನಮ್ಮ ದೇಶದಲ್ಲಿ ದುಡ್ಡಿನ ಕಾಲೇಜುಗಳೂ ಉಂಟು, ಯಾರದ್ದು ಎಲ್ಲಿಯದು ಅಂತ ನೋಡುವುದು ಒಳ್ಳೆಯದು ಅಂದನಂತೆ. ಮುದೀರಿಗೆ ನಮ್ಮ ಕಾಲೇಜುಗಳ ಗಂಧವೇ ಇಲ್ಲ. ದುಡ್ಡಿನದ್ದು ಯಾವುದು, ಸರಕಾರದ್ದು ಯಾವುದು, ನನಗೆಲ್ಲ ಒಂದೇ, ಅಂಕ ತೋರಿಸಿ ಅಂದ. ತೋರಿಸಿದೆವು."

"ಕಾಲೇಜಿನ ಹೆಸರು ನೋಡಲಿಲ್ಲವಾ?"

"ನೋಡಿದ. ಒಳಗೆ ಹೇಗೆ ಹೋದ ಅಂತ ನನಗೆ ಬೇಡ, ಸರಿಯಾಗಿ ಹೊರಗೆ ಬಂದಿದ್ದಾನಲ್ಲ, ಅಂದ." ಲೋಟ ಕೆಳಗಿಟ್ಟರು. "ಅವನಿಗೆಂತ ಬೇಕಿತ್ತು ಮಾರಾಯ್ತಿ, ಆ ಆಫೀಸರಿಗೆ? ನಮ್ಮವನೇ ನಮಗೆ."

ನಾನು ಒಲೆಯ ಕಡೆ ತಿರುಗಿ ನಿಂತೆ. ಅದು ಕೇರಳದವರ ಹೊತ್ತು, ನನಗೆ ಅಲ್ಲಿ ಕೆಲಸವೇ ಇರಲಿಲ್ಲ.

ನಾಲ್ಕು ದಿನ ಇವರು ಆ ಆಫೀಸರನ್ನು ಬೈಯುತ್ತಲೇ ಇದ್ದರು. ಬಸ್ಸಿನಲ್ಲಿ ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದರಂತೆ. ಐದನೆಯ ದಿನ ಬೆಳಿಗ್ಗೆ ದೋಸೆ ಎರೆಯುತ್ತ, ನಾನೇ ಹೇಳಿದ್ದು ಎಂದೆ. ಎಲ್ಲಿ, ಯಾವಾಗ, ಯಾಕೆ, ಎಲ್ಲವನ್ನೂ ಹೇಳಿದೆ. ಇವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಆ ಆಫೀಸರಿಗೆ ಇವತ್ತು ನಮಸ್ಕಾರ ಹೇಳ್ತೇನೆ," ಅಂದರು. "ನೀನು ಮೇಲೆ ಹೋಗಿ ಹೇಳು. ಅವಳಿಗೆ ಬೇರೆಯವರಿಂದ ತಿಳಿಯಬಾರದು."

ಅರ್ಧ ದೋಸೆ ಬಿಟ್ಟು ಬಸ್ಸಿಗೆ ಹೋದರು. ಅನ್ನ ಬಿಡುವವರಲ್ಲ ಅವರು.

ಮಕ್ಕಳನ್ನು ಶಾಲೆಗೆ ಕಳಿಸಿ ಮೇಲೆ ಹೋದೆ. ಅವಳು ಬಾಗಿಲು ತೆಗೆದವಳು ಕೈ ಹಿಡಿದು ಒಳಗೆ ಕೂರಿಸಿದಳು. ಮೆಟ್ಟಿಲು ಹತ್ತುವಾಗ ಕಟ್ಟಿಕೊಂಡಿದ್ದ ಮಾತು ಮರೆತುಹೋಯಿತು. "ನಿನ್ನ ಗಂಡನದ್ದು ಡೊನೇಷನ್ ಸೀಟು ಅಂತ ಆ ಆಫೀಸರರ ಹೆಂಡತಿಗೆ ಹೇಳಿದ್ದು ನಾನು," ಎಂದಷ್ಟೇ ಬಂತು.

"ಗೊತ್ತುಂಟು ಅಕ್ಕ," ಅಂದಳು. "ಅವತ್ತು ಭಜನೆ ಮುಗಿದು ಕೆಳಗಿಳಿಯುವಾಗಲೇ ಅವರು ನನ್ನ ಹತ್ತಿರ ಕೇಳಿದರು, ಹೌದಾ ಅಂತ. ಹೌದು ಅಂದೆ."

"ಆಮೇಲೂ ಮಲ್ಲಿಗೆ ಕಳಿಸಿದೆಯಲ್ಲ."

"ಅದೆಂತ, ಕಳಿಸದೆ?" ಅವಳು ನಕ್ಕಳು. "ಹತ್ತು ವರ್ಷದಿಂದ ಎಲ್ಲಿ ಹೋದರೂ ಡೊನೇಷನ್ ಡೊನೇಷನ್ ಅಂತ ಇವರನ್ನು ತಮಾಷೆ ಮಾಡುವುದು. ಅಪ್ಪನ ದುಡ್ಡು, ಅಂತ. ಆ ಮಾತಿಗೇ ಹಠ ಹಿಡಿದು ಓದಿದವರು ಇವರು. ಆದರೆ ಮಾರ್ಕ್ಸ್ ಕಾರ್ಡು ಯಾರೂ ಕೇಳಲಿಲ್ಲ ಅಕ್ಕ. ನೀವು ಹೇಳದಿದ್ದರೆ ಇವತ್ತಿಗೂ ಕೇಳ್ತಿರಲಿಲ್ಲ. ಕಾರ್ಡು ತೆಗೆದುಕೊಂಡು ಹೋದ ದಿನ ಇವರು ಶರ್ಟಿಗೆ ಎರಡು ಸಲ ಇಸ್ತ್ರಿ ಹಾಕಿದರು."

ಅವಳ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಲಾಡು ಕೊಟ್ಟಳು, ಮಕ್ಕಳಿಗೆಂದು ಬೇರೆ ಕಟ್ಟಿದಳು. ಕಂಪೆನಿಯ ಫ್ಲ್ಯಾಟಿಗೆ ಹೋಗುವಾಗ ಈ ಫ್ಲ್ಯಾಟನ್ನು ನಮಗೇ ಕೊಡಿಸಲು ಮಾಲೀಕನ ಹತ್ತಿರ ಮಾತಾಡುತ್ತೇನೆ ಅಂದಳು. ನಮ್ಮ ಕೈಗೆ ಎಟುಕುವ ಬಾಡಿಗೆಯಲ್ಲ ಎಂದು ಅವಳಿಗೆ ಹೊಳೆಯಲೇ ಇಲ್ಲ, ನಾನೂ ಹೇಳಲಿಲ್ಲ.

ಕೆಳಗಿಳಿಯುತ್ತ ಎಂದಿನ ಹಾಗೆ ಎಣಿಸಿದೆ. ಇವರಿಗೆ ಕೆಲಸ ಉಳಿದಿದೆ. ಹೇಳಬೇಕಾದ್ದನ್ನು ಹೇಳಿಯಾಯಿತು. ಅವಳು ಬಾಗಿಲು ಹಾಕಿಕೊಳ್ಳಲಿಲ್ಲ. ಮೂರೂ ದೊಡ್ಡವೇ. ಆದರೆ ಅವಳು ನಾಲ್ಕು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಒಬ್ಬರನ್ನು ಬೈಯುವಷ್ಟು ಕಹಿಯೂ ಅವಳೊಳಗೆ ಇರಲಿಲ್ಲ. ಲಾಡಿನ ಪೊಟ್ಟಣ ಹಿಡಿದುಕೊಂಡು ನಮ್ಮ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ನನಗೆ ಅವಳ ಆ ಮನಸ್ಸಿನ ಮೇಲೂ ಹೊಟ್ಟೆಕಿಚ್ಚು ಶುರುವಾಗಿತ್ತು.