ಹಿಂದಿನ ಸೀಟಿನ ಭಾರ

ತಗಡಿನ ಮೇಲೆ ಅಂಗೈ ಆಡಿಸುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಲಗೈ ಹೆಬ್ಬೆರಳಿನ ಉಗುರು ಎಂದೋ ಸುತ್ತಿಗೆಗೆ ಸಿಕ್ಕಿ ಹೋಗಿತ್ತು. ಅಲ್ಲಿ ಉಳಿದ ಮೆತ್ತನೆಯ ಚರ್ಮದಿಂದಲೇ ತಗ್ಗು ಎಲ್ಲಿ, ಉಬ್ಬು ಎಲ್ಲಿ ಎಂದು ತಿಳಿಯುತ್ತಿದ್ದರು. "ಕಣ್ ಬುಟ್ಕೊಂಡ್ರೆ ಬರೀ ಬಣ್ಣ ಕಾಣ್ತದೆ" ಎನ್ನುವರು.

ಪಾಂಡವಪುರದ ರಸ್ತೆ ಬದಿಯ ಶೆಡ್ಡಿನಲ್ಲಿ ಕಾರು, ವ್ಯಾನುಗಳ ತಗಡಿನ ತಗ್ಗು ತೆಗೆಯುವ ಟಿಂಕರಿಂಗ್ ಕೆಲಸ ಅವರದು. ಎಲ್ಲರೂ ಆಚಾರ್ರು ಎಂದೇ ಕರೆಯುತ್ತಿದ್ದರು. ಅವರ ತಂದೆ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದವರು. ಗಾಡಿ ಏನು ಹೊರುತ್ತದೆ ಎಂದು ಕೇಳದೆ ಆ ತಂದೆ ಕುಲುಮೆ ಹೊತ್ತಿಸುತ್ತಿರಲಿಲ್ಲವಂತೆ. ಮಗ ಆ ಪದ್ಧತಿಯನ್ನು ಕಾರುಗಳಿಗೂ ತಂದಿದ್ದರು. ಮೊದಲು ಪ್ರಶ್ನೆ, ಆಮೇಲೆ ಸುತ್ತಿಗೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಮೈಸೂರಿನಲ್ಲಿ ಒಂದು ಹಳೆಯ ಕಾರು ಕೊಂಡಿದ್ದೆ. ಅದನ್ನು ಮಾರಿದ ಹುಡುಗ ಚೆಂದ ಕಾಣಲಿ ಎಂದು ಸ್ಪ್ರಿಂಗುಗಳ ಸುತ್ತು ಕತ್ತರಿಸಿ ಕಾರನ್ನು ನೆಲದ ಹತ್ತಿರಕ್ಕೆ ತಗ್ಗಿಸಿದ್ದ. ಗುಂಡಿ ಸಿಕ್ಕಿದಾಗಲೆಲ್ಲ ಹಿಂದಿನ ಟೈರು ಮಡ್‌ಗಾರ್ಡಿನ ಒಳ ಅಂಚಿಗೆ ಉಜ್ಜಿ, ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು.

"ಎಷ್ಟು ಜನ ಕೂರ್ತೀರಾ ಮೇಡಮ್ಮೋರೆ?" ಆಚಾರ್ರು ಕೇಳಿದರು.

"ನಾನೊಬ್ಬಳೇ."

"ಇಂದ್ಗಡೆ?"

"ಯಾರೂ ಕೂರೋದಿಲ್ಲ."

"ಅಪ್ಪ, ಅವ್ವ? ಕರಿಘಟ್ಟಕ್ಕಾದ್ರೂ ಒಂದಿನ ಕರ್ಕೊಂಡ್ ಓಗಾಕಿಲ್ವಾ?"

"ಇಲ್ಲ ಅಂದೆನಲ್ಲ."

ಅದು ಸುಳ್ಳು. ನನ್ನ ತಂಗಿಗೆ ಮಾನಸಿಕ ಕಾಯಿಲೆ ಇತ್ತು. ಹದಿನೈದು ದಿನಕ್ಕೊಮ್ಮೆ ಆದಿಚುಂಚನಗಿರಿಯ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಬಸ್ಸಿನಲ್ಲಿ ಹೋದರೆ ಊರಿಗೆ ಗೊತ್ತಾಗುತ್ತದೆ ಎಂದೇ ಕಾರು ಕೊಂಡಿದ್ದೆ. ಅವಳನ್ನು ನಡುವೆ ಕೂರಿಸಿಕೊಂಡು ಅಮ್ಮ ಒಂದು ಪಕ್ಕ, ಚಿಕ್ಕಮ್ಮ ಒಂದು ಪಕ್ಕ ಹಿಂದೆ ಕೂರುತ್ತಿದ್ದರು. ಭಾರ ಹೆಚ್ಚಿದಷ್ಟೂ ಸ್ಪ್ರಿಂಗು ಕುಗ್ಗುತ್ತದೆ ಎಂದು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವವಳು ನಾನೇ.

ಆಚಾರ್ರು ನನ್ನ ಮಾತು ನಂಬಿದರು. ಟೈರಿಗೆ ಸುಣ್ಣ ಬಳಿದು, ಕಾರನ್ನು ಒಂದು ಸುತ್ತು ಓಡಿಸಿ ಬಂದು, ಒಳ ಅಂಚಿನಲ್ಲಿ ಬಿಳಿ ಹತ್ತಿದ ಕಡೆ ಮಾತ್ರ ತಗಡನ್ನು ಬಿಸಿ ಮಾಡಿ, ಮರದ ತುಂಡು ಕೊಟ್ಟು ಮೇಲಕ್ಕೆ ಮಡಚಿದರು. ಬಣ್ಣ ಒಂದೆಡೆಯೂ ಬಿರಿಯಲಿಲ್ಲ. ಒಬ್ಬಳು ಕೂರುವ ಕಾರಿಗೆ ಆ ಕೆಲಸ ಸಾಕಾಗಿತ್ತು.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ನಾಗಮಂಗಲ ಇನ್ನೇನು ಬಂತು ಎನ್ನುವಷ್ಟರಲ್ಲಿ ಉಜ್ಜಿ ಉಜ್ಜಿ ಟೈರು ಒಡೆಯಿತು. ಸದ್ದಿಗೆ ಬೆದರಿದ ತಂಗಿ ರಸ್ತೆಗಿಳಿದು ಕಿರುಚಿದಳು. ಜನ ಸೇರಿದರು. ಅವರಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆಯೂ ಇದ್ದರು.

ಮರುದಿನ ನೇರವಾಗಿ ಶೆಡ್ಡಿಗೆ ಹೋದೆ. ಕೆ.ಆರ್. ಪೇಟೆಯಿಂದ ಹಾಲಿನ ವ್ಯಾನು ತಂದಿದ್ದವರೊಬ್ಬರು ಅಲ್ಲಿ ಕೂತಿದ್ದರು. ಅವರೆದುರೇ, ನನಗೇ ಅಪರಿಚಿತವಾದ ದನಿಯಲ್ಲಿ, "ಕೆಲಸ ಬರದಿದ್ರೆ ಬರೋದಿಲ್ಲ ಅಂತ ಹೇಳ್ಬೇಕಿತ್ತು ಆಚಾರ್ರೆ" ಎಂದೆ.

ಅವರು ಮಡ್‌ಗಾರ್ಡಿನ ಒಳಗೆ ಕೈ ಆಡಿಸಿದರು. "ಒಬ್ರು ಕೂತ್ರೆ ಇಷ್ಟು ಮೇಲುಕ್ಕೆ ತಾಕಾಕಿಲ್ಲವಲ್ಲ..."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ?"

ಆಚಾರ್ರು ಸ್ಪ್ರಿಂಗ್ ನೋಡಲು ಹಿಂದಿನ ಸೀಟು ಎತ್ತಿದರು. ಸೀಟಿನಡಿ ಒಡೆದ ಹಸಿರು ಬಳೆಯ ಚೂರುಗಳು, ಒಂದು ಜಡೆ ರಿಬ್ಬನ್ನು, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ ಇದ್ದವು. ವ್ಯಾನಿನವರಿಗೆ ಕಾಣದಂತೆ ಬೆನ್ನು ಅಡ್ಡ ಮಾಡಿ, ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ಇಂದ್ಗಡೆ ಸೀಟು ತುಂಬ ಮೂರು ಜನ ಕೂತ್ರೂ ಆಗಂಗೆ ಮಾಡ್ಕೊಡ್ತೀನಿ. ಓಗಿ ಬನ್ನಿ ಅವ್ವ" ಎಂದರು. ಅದುವರೆಗೆ ನಾನು ಅವರಿಗೆ ಮೇಡಮ್ಮೋರು.

ಎರಡು ದಿನ ಬಿಟ್ಟು ಹೋದಾಗ ಕತ್ತರಿಸಿದ ಸ್ಪ್ರಿಂಗು ತೆಗೆದು ಪೂರ್ತಿ ಉದ್ದದವನ್ನು ಹಾಕಿದ್ದರು. ಕಾರು ತಲೆಯೆತ್ತಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ, ನಾದಿನಿ, ಎದುರು ಹೂವು ಮಾರುವ ಹೆಂಗಸು ಒತ್ತಿಕೊಂಡು ಕೂತಿದ್ದರು. ಆಚಾರ್ರು ಅವರನ್ನು ಬೇಕೆಂದೇ ಗುಂಡಿಗಳ ಮೇಲೆ ಓಡಿಸಿಕೊಂಡು ಬಂದಿದ್ದರು.

"ಮೈಸೂರಿಗ್ ಕರ್ಕೊಂಡ್ ಓಗ್ತಾರೆ ಅಂತ ಕಾರತ್ತಿದ್ರೆ ಬರೀ ಗುಂಡಿ ತೋರುಸ್ತಾವ್ರೆ!" ಹೂವಿನಾಕೆ ನಗುತ್ತಿದ್ದಳು.

"ಮದ್ವೆಯಾಗಿ ಇಷ್ಟ್ ವರ್ಸಕ್ಕೆ ನನ್ನ ಕಾರತ್ತಿಸಿದ್ದು ಇವತ್ತೇ. ಅದೂ ಕಲ್ಲು ಮೂಟೆ ಬದ್ಲು" ಎಂದರು ಹೆಂಡತಿ.

"ಸುಮ್ಕೆ ಭಾರ ಬುಟ್ಟು ಕೂತ್ಕೊಳಮ್ಮಿ" ಎನ್ನುತ್ತ ಆಚಾರ್ರು ಬಗ್ಗಿ ಟೈರಿನ ಸುಣ್ಣ ನೋಡಿದರು. ಅಂಚಿನಲ್ಲಿ ಬಿಳಿಯ ಗುರುತೇ ಇರಲಿಲ್ಲ.

ಆಗ ಹಾಲಿನ ವ್ಯಾನಿನವರು ಬಂದರು. "ಅಲ್ಲ ಆಚಾರಿ, ಈ ಕಾರ್ದು ಅವತ್ತು ಯಾಕಂಗಾಯ್ತು?"

ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಆಚಾರ್ರು ನನ್ನ ಕಡೆ ನೋಡಲೂ ಇಲ್ಲ.

"ನಂದೇ ತಪ್ಪು ಬುಡಣ್ಣ. ಎಷ್ಟು ಭಾರ ಬೀಳ್ತದೆ ಅಂತ ಕೇಳೋದು ಮರ್ತೆ."

ಬದುಕಿಡೀ ಅದೊಂದನ್ನು ಕೇಳದೆ ಸುತ್ತಿಗೆ ಮುಟ್ಟದವರು ಹಾಗೆಂದರು. ನಾನು ಕಾರಿನ ಕೀ ತೆಗೆದುಕೊಂಡೆ. ವ್ಯಾನಿನವರು ಅರ್ಧ ಆಗಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ವ್ಯಾನು ಒಯ್ದರು.

ಎರಡು ವರ್ಷವಾದ ಮೇಲೆ ಬಾಗಿಲಿನ ತಗ್ಗೊಂದನ್ನು ತೆಗೆಸಲು ಹೋದಾಗ ಶೆಡ್ಡು ಮುಚ್ಚಿತ್ತು. ಅವರು ತೀರಿಕೊಂಡು ತಿಂಗಳಾಗಿತ್ತು. ಅವರ ಹೆಂಡತಿ ಪಕ್ಕದಲ್ಲೇ ಇದ್ದ ಮನೆಯ ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟರು.

"ಒಂದ್ ಮಾತು ಕೇಳ್ತೀನಿ ಅವ್ವ. ನಿಮ್ ಕಾರಿಗೆ ಅವತ್ತು ಅವ್ರು ಏನ್ ತಪ್ಪು ಮಾಡಿದ್ರು? ಎಷ್ಟು ಕೇಳಿದ್ರೂ ನಂಗೂ ಯೋಳ್ನಿಲ್ಲ. ಆಮೇಲೆ ಕೆ.ಆರ್. ಪೇಟೆ ಕಡೆಯಿಂದ ಒಂದು ವ್ಯಾನೂ ಬರ್ನಿಲ್ಲ."

ಕಾರು ರಸ್ತೆಯಲ್ಲಿ ನಿಂತಿತ್ತು. ಒಳಗೆ ತಂಗಿ ಕಿಟಕಿಗೆ ಹಣೆ ಆನಿಸಿಕೊಂಡು ನಮ್ಮನ್ನೇ ನೋಡುತ್ತಿದ್ದಳು.

"ನನಗೂ ಸರಿಯಾಗಿ ಗೊತ್ತಿಲ್ಲಮ್ಮ" ಎಂದೆ.

ಅಂದು ಹೇಳಬೇಕಿದ್ದದ್ದು ಇಷ್ಟೇ. ಆಚಾರ್ರು ಕೇಳಿದ್ದರು. ಹಿಂದಿನ ಸೀಟಿನಲ್ಲಿ ಮೂವರು ಕೂರುತ್ತಿದ್ದರು. ನಡುವೆ ನನ್ನ ತಂಗಿ.