ಎರಡನೇ ರೊಟ್ಟಿ

ತೊಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ, ನೋಡಿದ ಪ್ರತಿ ಸಿನಿಮಾಕ್ಕೂ ನನ್ನ ಡೈರಿಯಲ್ಲಿ ಒಂದು ಪುಟವಿರುತ್ತಿತ್ತು. ಶನಿವಾರ ನಾಲ್ಕಾರು ಮನೆಯವರು ಕೆನಡಾದ ಮಿಸಿಸಾಗದಲ್ಲಿದ್ದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಸೇರಿ, ಸ್ಕಾರ್‌ಬರೋದ ಅಂಗಡಿಯಿಂದ ತಂದ ಕ್ಯಾಸೆಟ್ ನೋಡುತ್ತಿದ್ದರು. ಯಾವ ದೃಶ್ಯಕ್ಕೆ ಯಾರು ಕಣ್ಣೊರೆಸಿಕೊಂಡರು ಎಂದು ನಾನು ಗೀಟು ಹಾಕುತ್ತಿದ್ದೆ. ಗುಡುಗು, ಕೈಜಾರಿದ ತಟ್ಟೆ, ಉದ್ದನೆಯ ಚೀತ್ಕಾರ ಇದ್ದಲ್ಲಿ ಗೀಟುಗಳು ಹೆಚ್ಚು. ದೃಶ್ಯ ಮನಸ್ಸಿಗೆ ತಟ್ಟುವುದು ಹೇಗೆಂದು ಲೆಕ್ಕ ಸಿಕ್ಕಿತು ಎಂದುಕೊಂಡಿದ್ದೆ.

ಇಲ್ಲಿನ ಕನ್ನಡಿಗರ ದೀಪಾವಳಿ ಕಾರ್ಯಕ್ರಮಕ್ಕೆ ಕಿರುಚಿತ್ರ ಮಾಡುವ ಕೆಲಸ ನನಗೆ ಬಂತು. ಮುಖ್ಯ ದೃಶ್ಯ ಹೀಗೆ: ಊರಿನಿಂದ ಫೋನ್ ಬರುತ್ತದೆ, ತಂದೆ ತೀರಿಕೊಂಡ ಸುದ್ದಿ ಕೇಳಿ ಮಗಳು ಕಿರುಚಿ ಕುಸಿಯುತ್ತಾಳೆ. ಆ ಪಾತ್ರಕ್ಕೆ, ಶನಿವಾರ ಬರುತ್ತಿದ್ದವರಲ್ಲಿ ಹುಬ್ಬಳ್ಳಿ ಕಡೆಯ ಆಂಟಿಯೊಬ್ಬರನ್ನು ಕೇಳಿದೆ. ಗಂಡನ ಪಾತ್ರಕ್ಕೆ ಅವರ ಗಂಡನೇ. ಹಿಂದಿನ ಚಳಿಗಾಲದಲ್ಲಿ ಆಂಟಿಯ ತಂದೆ ಹೋಗಿದ್ದರು. ಅದು ಗೊತ್ತಿದ್ದೇ ಕೇಳಿದ್ದೆ. ಅಳು ಸುಲಭವಾಗಿ ಬಂದೀತು ಎಂದು.

ಆಂಟಿ ಒಮ್ಮೆ ಕಿರುಚಿ ತಾವೇ ನಕ್ಕರು. "ಹಿಂಗ ಒದರಿದ್ರ ಬಾಜೂ ಮನಿಯವರು ಪೊಲೀಸ್ರನ್ನ ಕರಸ್ತಾರ ನೋಡವಾ."

ಇಂಥ ಸುದ್ದಿಯನ್ನು ಯಾರೂ ಹಾಗೆ ನೇರ ಹೇಳುವುದಿಲ್ಲ, ಕೇಳಿದ ಮೇಲೆ ಎಷ್ಟು ಹೊತ್ತು ತುತ್ತು ಇಳಿಯುವುದಿಲ್ಲವೋ ಎಂದು ಮೊದಲು ಉಣ್ಣಿಸುತ್ತಾರೆ ಎಂದರು. ಫೋನ್ ಎತ್ತಿದ್ದು ಗಂಡ ಎಂದು ಬದಲಿಸಿ, ಎದುರಿಗೆ ತಟ್ಟೆ ಇಟ್ಟುಕೊಂಡು, ಬಡಿಸಲು ಅವರಿಗೆ ಹೇಳಿದರು.

ಅಂಕಲ್ ರೊಟ್ಟಿ ಹಾಕಿದರು, ಪಲ್ಯ ಹಾಕಿದರು. ಬಡಿಸಿ ರೂಢಿಯಿದ್ದವರಲ್ಲ ಎಂದು ಆ ಕೈಯಿಂದಲೇ ತಿಳಿಯುತ್ತಿತ್ತು. ಆಂಟಿ ಉಂಡರು. ಅವರು ಕೇಳದೆಯೇ ಅಂಕಲ್ ಇನ್ನೊಂದು ರೊಟ್ಟಿ ಹಾಕಿದರು. ಅದನ್ನು ಮುರಿಯಲು ಹೋದ ಆಂಟಿ ಕೈ ನಿಲ್ಲಿಸಿ, ಮುಖವೆತ್ತಿ ಗಂಡನನ್ನು ನೋಡಿದರು.

"ಆಂಟಿ, ಕಣ್ಣೀರು ಕಾಣ್ತಾ ಇಲ್ಲ," ಎಂದೆ. "ಇನ್ನೊಂದ್ಸಲ ಮಾಡೋಣ."

ಇಬ್ಬರೂ ನನ್ನ ಕಡೆ ತಿರುಗಲಿಲ್ಲ.

"ಎರಡನೇ ರೊಟ್ಟಿ ಯಾಕ ಹಾಕಿದ್ರಿ ಅವತ್ತ?" ಆಂಟಿ ಗಂಡನನ್ನು ಕೇಳಿದರು. "ಅಪ್ಪ ಅಲ್ಲಿ ಹೋಗಿಬಿಟ್ಟಿದ್ದ. ನಾ ಇಲ್ಲಿ ಉಪ್ಪಿನಕಾಯಿ ಕೇಳಿ ಹಾಕಿಸ್ಕೊಂಡು ಉಂಡೆ."

"ನೀ ಉಣ್ಣೂತನಾ ತಡೀಬೇಕು ಅಂತ ಇದ್ದೆ," ಎಂದರು ಅಂಕಲ್. "ಉಂಡು ಮುಗಿಸಿದಿ. ಆಗೂ ಹೇಳಾಕ ಬಾಯಿ ಬರಲಿಲ್ಲ. ಅದಕ್ಕ ಇನ್ನೊಂದು ಹಾಕಿದೆ."

ನಾನು ಝೂಮ್ ಮಾಡುತ್ತಿದ್ದೆ. ಇಂಥದ್ದು ಮತ್ತೆ ಸಿಗುವುದಿಲ್ಲ ಎಂಬ ಒಂದೇ ಯೋಚನೆ. ಕ್ಯಾಮೆರಾದ ಕೆಂಪು ದೀಪ ಕಂಡ ಆಂಟಿ ಅದನ್ನು ಬಂದ್ ಮಾಡಲು ಹೇಳಿದರು. ಸಿಟ್ಟಿರಲಿಲ್ಲ. ಹೋಗುವಾಗ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ, "ನಾ ಮಾರಿ ಎತ್ತೂತನಾ ಇಟ್ಕೊ ತಂಗಿ. ಆಮ್ಯಾಲಿಂದು ನಮ್ಮದು," ಎಂದರು.

ಚಿತ್ರವನ್ನು ಹಾಗೆಯೇ ಕತ್ತರಿಸಿದೆ. ಆದರೆ ಅದಕ್ಕೆ ಮೊದಲು, ತಮ್ಮದು ಎಂದು ಅವರು ಹೇಳಿದ್ದ ಆ ಭಾಗವನ್ನು ಒಬ್ಬಳೇ ಕೂತು, ರಿವೈಂಡ್ ಮಾಡಿ ಮಾಡಿ ನೋಡಿದೆ. ಅಂಕಲ್ ಧ್ವನಿ ಯಾವ ಮಾತಿಗೆ ಒಡೆಯಿತು ಎಂದು ಬರೆದುಕೊಂಡೆ. ಯಾರಿಗೆ ಹೇಳಲಿ ಅದನ್ನು?

ಕಾರ್ಯಕ್ರಮದ ದಿನ ಪರದೆಯ ಮೇಲೆ ಆಂಟಿ ಮುಖವೆತ್ತಿದಲ್ಲಿಗೆ ಚಿತ್ರ ಮುಗಿಯಿತು. ಚಪ್ಪಾಳೆ ತಡವಾಗಿ ಬಂತು. ಹಿರಿಯರೊಬ್ಬರು ನನ್ನ ಹತ್ತಿರ ಬಂದು, "ಎಲ್ಲಿ ನಿಲ್ಲಿಸ್ಬೇಕು ಅಂತ ಈ ವಯಸ್ಸಿಗೇ ಗೊತ್ತಾಗಿದೆಯಲ್ಲಮ್ಮ ನಿಂಗೆ," ಎಂದರು.

ಪಕ್ಕದಲ್ಲೇ ಇದ್ದ ಆಂಟಿ, "ಹೌದ್ರಿ, ಭಾಳ ಶಾಣ್ಯಾಕಿ," ಎಂದು ನನ್ನ ಬೆನ್ನು ಸವರಿದರು.

ನಾನು ಥ್ಯಾಂಕ್ಸ್ ಎಂದೆ.